ದಡದ ಕಡೆಗೆ ಮುಖ

ಮೂಡುಬಿದಿರೆ
9 ಮಾರ್ಚ್ 2025

ಪ್ರೀತಿಯ ಫಾಹಿಮಾ,

ಒಂದು ವರ್ಷ ಎಂಟು ತಿಂಗಳ ನಂತರ ನಿನಗೆ ಬರೆಯುತ್ತಿದ್ದೇನೆ. ಫೋನಿನಲ್ಲಿ ಕೇಳಬಹುದಿತ್ತು. ಆದರೆ ನನ್ನ ವಿಜೇತಾ ತೀರಿಹೋದ ವಾರ ನೀನು ಶಾರ್ಜಾದಿಂದ ಫೋನ್ ಮಾಡಿದಾಗ ನಾವಿಬ್ಬರೂ ಅತ್ತದ್ದು ಬಿಟ್ಟರೆ ಒಂದು ಮಾತೂ ಆಡಲಿಲ್ಲ. ಆಮೇಲೆ ನೀನು ಮಾಡಲಿಲ್ಲ, ನಾನೂ ಮಾಡಲಿಲ್ಲ. ಕಾಗದವಾದರೆ ಅಳುವುದಿದ್ದರೂ ಸಾಲು ಮುಗಿಸಿ ಅಳಬಹುದು. ಪಾಣೆಮಂಗಳೂರಿನಿಂದ ನಿಮ್ಮ ಕಡೆ ಹೊರಟಿರುವ ಉಮ್ಮರ್ ಕಾಕನ ಪೆಟ್ಟಿಗೆಯಲ್ಲಿ ಇದನ್ನು ಹಾಕಿಸುತ್ತೇನೆ ಎಂದು ನಿನ್ನ ಉಮ್ಮ ಮೈಮೂನಮ್ಮ ಹೇಳಿದ್ದಾರೆ. ಹಪ್ಪಳದ ಕಟ್ಟಿನ ಅಡಿಯಲ್ಲಿ ಇರುತ್ತದಂತೆ.

ನಾನು ಬಂಟ್ವಾಳದ ಮನೆ ಬಿಟ್ಟೆ. ವರ್ಗ ಕೇಳಿಕೊಂಡು ಇಲ್ಲಿಯ ಕಾಲೇಜಿಗೆ ಬಂದು ಹದಿನಾಲ್ಕು ತಿಂಗಳಾಯಿತು. ಮೂಡುಬಿದಿರೆಯಲ್ಲಿ ಕೆರೆಗಳಿವೆ, ದೊಡ್ಡ ಹೊಳೆ ಇಲ್ಲ. ಅಷ್ಟು ಸಾಕು.

ವಿಷಯಕ್ಕೆ ಬರುತ್ತೇನೆ. ಅಣ್ಣ ಸುಧಾಕರ ವಿಜೇತಾಳಿಗೆ ಮದುವೆ ಮಾಡಬೇಕೆಂದು ಹಟ ಹಿಡಿದಿದ್ದಾನೆ. ನಮ್ಮವರ ಕುಲೆ ಮದುವೆಯ ಬಗ್ಗೆ ನೀನು ಕೇಳಿರಬಹುದು. ಮದುವೆಯಾಗದೆ ತೀರಿಹೋದವರಿಗೆ ಹಾಗೆಯೇ ತೀರಿಹೋದ ಒಬ್ಬರನ್ನು ಹುಡುಕಿ ಮಳೆಗಾಲದ ಆಟಿ ತಿಂಗಳಲ್ಲಿ ಧಾರೆ ಎರೆಯುತ್ತಾರೆ. “ಇಪ್ಪತ್ತಮೂರರ ಹುಡುಗಿಯನ್ನು ಆ ದಾರಿಯಲ್ಲಿ ಒಬ್ಬಳೇ ಎಷ್ಟು ವರ್ಷ ನಡೆಸ್ತಿ?” ಎಂದು ಅಣ್ಣ ಕೇಳಿದ. ನಾನು ಇದನ್ನೆಲ್ಲ ನಂಬುವವಳಲ್ಲ ಎನ್ನಲು ಬಾಯಿ ತೆರೆದಿದ್ದೆ. ‘ಒಬ್ಬಳೇ’ ಎಂಬ ಮಾತು ಕೇಳಿ ಬಾಯಿ ತಾನಾಗಿ ಮುಚ್ಚಿತು.

ಬೆಳ್ತಂಗಡಿಯ ಒಂದು ಮನೆಯ ಹುಡುಗ ಸಿಕ್ಕಿದ್ದಾನೆ. ಹೆಸರು ಲತೇಶ್. ಡೆಂಗಿ ಜ್ವರದಲ್ಲಿ ಹೋದವನು, ಆಗ ಇಪ್ಪತ್ತಾರು. ಎರಡು ಮನೆಗಳ ಬಳಿ, ಅಂದರೆ ಗೋತ್ರ, ಬೇರೆ ಬೇರೆ, ಪ್ರಾಯವೂ ಸರಿ. ಅವನ ತಾಯಿ ನೀಲಾವತಿಯವರು ಕೇಳಿ ಕಳುಹಿಸಿದ್ದು ಒಂದೇ ಪ್ರಶ್ನೆ: ಹುಡುಗಿ ಹೊಳೆಗೆ ಜಾರಿ ಬಿದ್ದದ್ದಾ, ತಾನಾಗಿ ಹೋದದ್ದಾ?

ಊರು ಈ ಪ್ರಶ್ನೆಯನ್ನು ನನ್ನ ಬೆನ್ನ ಹಿಂದೆ ಕೇಳಿತ್ತು. ನನ್ನನ್ನೇ ಕೇಳಿದವರು ಇವರೇ ಮೊದಲು. ನನ್ನ ಹತ್ತಿರ ಉತ್ತರವಿಲ್ಲ.

ಮನೆ ಖಾಲಿ ಮಾಡುವಾಗ ನೀವಿಬ್ಬರೂ ಸೇರಿ ಮಾಡುತ್ತಿದ್ದ ಚಿತ್ರಕಥೆಯ ದಪ್ಪ ಪುಸ್ತಕ ಸಿಕ್ಕಿತು. ನೀನು ಅಲ್ಲಿಂದ ಚಿತ್ರ ಬರೆದು ಕಳುಹಿಸುವುದು, ಇವಳು ಬಿ.ಸಿ.ರೋಡಿನಲ್ಲಿ ಪ್ರಿಂಟ್ ತೆಗೆಸಿ ಅಂಟಿಸಿ ಮಾತು ತುಂಬಿಸುವುದು. ಜಪಾನಿನ ಮಂಗಾ ಅಂದರೆ ಹೀಗೆಯೇ ಎಂದು ವಿಜೇತಾ ಹೇಳುತ್ತಿದ್ದಳು. ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಈಗ ಓದಿದೆ. ಲೋಕ ಮುಗಿದ ಮೇಲೂ ಸಾಯಲಾಗದೆ ಉಳಿದ ಇಬ್ಬರು ನಮ್ಮದೇ ಊರುಗಳಲ್ಲಿ ನಡೆಯುತ್ತಾರೆ. ಉದ್ದ ಜಡೆಯವಳು ನನ್ನ ಮಗಳು, ಅದು ನೋಡಿದ ಕೂಡಲೇ ತಿಳಿಯುತ್ತದೆ. ಜೊತೆಗಿರುವ ಗಿಡ್ಡ ಕೂದಲಿನ ಹುಡುಗ ಯಾರು? ಅವನ ಮುಖ ಬರೆದವಳು ನೀನು. ನಿನಗೆ ಗೊತ್ತಿರಲೇಬೇಕು.

ನಿನ್ನ
ಜ್ಯೋತ್ಸ್ನಾ ಆಂಟಿ


ಶಾರ್ಜಾ
4 ಏಪ್ರಿಲ್ 2025

ಗೌರವಾನ್ವಿತ ಮೇಡಂ,

ನಿಮ್ಮ ಪತ್ರ ತಲುಪಿತು. ಉಪವಾಸ, ಹಬ್ಬ ಎಂದು ಉತ್ತರ ತಡವಾಯಿತು, ಕ್ಷಮಿಸಿ. ನಾನು, ನನ್ನ ಗಂಡ ಶಾಫಿ ಕ್ಷೇಮವಾಗಿದ್ದೇವೆ. ನನಗೆ ಇಲ್ಲಿ ಒಂದು ಜಾಹೀರಾತು ಕಚೇರಿಯಲ್ಲಿ ಕೆಲಸ ಸಿಕ್ಕಿದೆ. ಜ್ಯೂಸ್ ಡಬ್ಬಿಗಳ ಮೇಲೆ ಹಣ್ಣು ಬರೆಯುವುದು.

ಅದು ಹುಡುಗ ಅಲ್ಲ ಮೇಡಂ. ಕೂದಲು ಗಿಡ್ಡ ಅಷ್ಟೆ. ವಿಜೇತಾಳ ಮನಸ್ಸಿನಲ್ಲಿ ಯಾರೂ ಇರಲಿಲ್ಲ. ಇದ್ದಿದ್ದರೆ ನನಗೇ ಮೊದಲು ಹೇಳುತ್ತಿದ್ದಳು, ಹೇಳಿ ಹೇಳಿ ತಲೆ ತಿನ್ನುತ್ತಿದ್ದಳು.

ಆ ದಿನದ ಬಗ್ಗೆ ನನಗೆ ಏನೂ ಗೊತ್ತಿಲ್ಲ. ನಾನು ಇಲ್ಲಿದ್ದೆ.

ಪುಸ್ತಕವನ್ನು ದಯವಿಟ್ಟು ಬೇರೆ ಯಾರಿಗೂ ತೋರಿಸಬೇಡಿ. ಅದು ಅರ್ಧದಲ್ಲಿ ನಿಂತದ್ದು.

ವಿಧೇಯ
ಫಾಹಿಮಾ


ಮೂಡುಬಿದಿರೆ
27 ಏಪ್ರಿಲ್ 2025

ಫಾಹಿಮಾ,

ನೀನು ನಮ್ಮ ಅಡುಗೆ ಮನೆಯ ಬಾಗಿಲಲ್ಲಿ ನಿಂತು “ಆಂಟಿ, ಚಾ ಉಂಟಾ?” ಎಂದು ಕೂಗುತ್ತಿದ್ದವಳು. ತರಗತಿಯಲ್ಲಿ ಮಾತ್ರ ಮೇಡಂ ಅನ್ನುತ್ತಿದ್ದಿ. ಈಗ ಶಾರ್ಜಾದಿಂದ ಮೇಡಂ ಎಂದು ಬರೆದಿದ್ದೀ. ಯಾವುದೋ ಪರೀಕ್ಷೆಯ ಉತ್ತರ ಪತ್ರಿಕೆ ಓದಿದ ಹಾಗಾಯಿತು. ಕೇಳಿದ್ದಕ್ಕೆ ಮಾತ್ರ ಉತ್ತರ, ಅದೂ ಅರ್ಧ.

ಕಳೆದ ಆದಿತ್ಯವಾರ ಅಣ್ಣನ ಜೊತೆ ಬೆಳ್ತಂಗಡಿಗೆ ಹೋಗಿದ್ದೆ. ನೀಲಾವತಿಯವರ ಅಂಗಡಿಯ ಹಿಂದೆಯೇ ಮನೆ. ಅಂಗಡಿಯಲ್ಲಿ ಹೊಲಿಗೆ ಯಂತ್ರ ಎರಡು, ಒಂದಕ್ಕೆ ಬಟ್ಟೆ ಹೊದಿಸಿಟ್ಟಿದ್ದಾರೆ. ಅದು ಮಗನದು. ಒಳಗೆ ಕೂರಿಸಿ ಬೆಲ್ಲ, ನೀರು ಕೊಟ್ಟರು. ಸಂಬಂಧ ಕುದುರಿಸಿದ ಡೊಂಬಯ್ಯ ಎಂಬ ಹಿರಿಯರು ಸುತ್ತು ಬಳಸಿ ಏನೋ ಶುರು ಮಾಡುವಷ್ಟರಲ್ಲಿ ನೀಲಾವತಿಯವರು ಕೈಯೆತ್ತಿ ತಡೆದರು.

“ಬೇಸರ ಮಾಡ್ಬೇಡಿ ಟೀಚರೇ. ನನ್ನ ಮಗ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದ. ಕೊನೆಯ ದಿನ ಕೂಡ ‘ಅಮ್ಮ, ಯಾವಾಗ ಬಿಡ್ತಾರೆ? ಗಿರಾಕಿಗಳ ಬ್ಲೌಸ್ ಉಂಟು’ ಅಂತ ಕೇಳ್ತಿದ್ದ. ಬದುಕು ಬೇಕು ಬೇಕು ಅಂತ ಹೋದವ ಅವ. ಬೇಡ ಅಂತ ಬಿಟ್ಟು ಹೋದವಳ ಜೊತೆ ಅವನನ್ನು ಹೇಗೆ ಕಟ್ಟುವುದು ಹೇಳಿ? ದಾರಿಯುದ್ದಕ್ಕೂ ಜಗಳ ಆಗ್ಲಿಕ್ಕಿಲ್ವಾ?”

ಅಣ್ಣ ಸಿಟ್ಟಿನಿಂದ ಎದ್ದು ನಿಂತ. ನನಗೆ ಸಿಟ್ಟು ಬರಲಿಲ್ಲ. ಆ ಮಾತಿನಲ್ಲಿ ಒಬ್ಬ ತಾಯಿ ಇದ್ದಳು. ತಿಳಿದು ಹೇಳುತ್ತೇನೆ ಎಂದು ಬಂದೆ.

ಈಗ ನೀನು ಪುಸ್ತಕ ಅರ್ಧದಲ್ಲಿ ನಿಂತದ್ದು ಎನ್ನುತ್ತೀ. ಕಥೆ ಮುಗಿದಿದೆ ಫಾಹಿಮಾ. ನಾನು ಓದಿದ್ದೇನೆ. ಮೊದಲ ಹದಿನಾಲ್ಕು ಹಾಳೆ ಖಾಲಿ. ಅದು ಮನುಷ್ಯರೇ ಇಲ್ಲದ ಕಾಲವಿರಬೇಕು ಎಂದುಕೊಂಡೆ. ಮುಂದೆ ಇಬ್ಬರೂ ಇಲ್ಲಿಯ ಸಾವಿರ ಕಂಬದ ಬಸದಿಯ ಮೆಟ್ಟಿಲಲ್ಲಿ ಕುಳಿತು ಹಲಸಿನ ಬೀಜ ಸುಟ್ಟು ತಿನ್ನುತ್ತಾರೆ, ನಗುತ್ತಾರೆ. ಅಲ್ಲಿಂದ ಬೆಳ್ತಂಗಡಿ, ಬಂಟ್ವಾಳ ಎಂದು ಸಾಗುತ್ತದೆ. ಗುರುವಾಯನಕೆರೆಯಲ್ಲಿ ಸಾಲಾಗಿ ನಿಂತ ಬಸ್ಸುಗಳ ಮೇಲೆ ಬಳ್ಳಿ ಹಬ್ಬಿದೆ. ಹಾಳೆ ಮಗುಚಿದಂತೆ ಇಬ್ಬರ ನಡುವೆ ಅಂತರ ಬೆಳೆಯುತ್ತದೆ. ಅಷ್ಟು ದೂರ ಜೊತೆಗೆ ನಡೆದ ಮೇಲೆ ಒಬ್ಬರನ್ನೊಬ್ಬರು ‘ನೀನು ಯಾರು?’ ಎಂದು ಕೇಳಿಕೊಳ್ಳುತ್ತಾರೆ. ಆಮೇಲೆ ಗಿಡ್ಡ ಕೂದಲು ಮಾಯ. ಉದ್ದ ಜಡೆಯವಳು ಒಬ್ಬಳೇ ಪಾಣೆಮಂಗಳೂರಿನ ಹೊಳೆಯ ಬದಿಗೆ ಬರುತ್ತಾಳೆ. ದಡದ ಕಡೆಗೆ ಮುಖ ಮಾಡಿಕೊಂಡೇ, ಹಿಮ್ಮುಖವಾಗಿ, ನೀರಿಗೆ ಇಳಿಯುತ್ತಾಳೆ. ಮೊಣಕಾಲು, ಸೊಂಟ, ಕೊರಳು. ಕಣ್ಣು ನಮ್ಮನ್ನೇ ನೋಡುತ್ತಿರುತ್ತದೆ. ಕೊನೆಯ ಹಾಳೆಯಲ್ಲಿ ನೀರು ಮಾತ್ರ.

ಮಾತುಗಳಲ್ಲಿ ಉತ್ತರ ಮೊದಲು ಬರುತ್ತದೆ, ಪ್ರಶ್ನೆ ಆಮೇಲೆ. ಇಪ್ಪತ್ತೆರಡು ವರ್ಷ ಕವಿತೆ ಪಾಠ ಮಾಡಿದವಳಿಗೆ ಇಂಥದ್ದು ಹೊಸದಲ್ಲ. ಸಾವಿಲ್ಲದವರಿಗೆ ಕಾಲ ಹೀಗೆಯೇ ಇರಬೇಕು ಎಂದು ಅರ್ಥ ಮಾಡಿಕೊಂಡೆ.

ಆ ಹಾಳೆಯನ್ನು ನೋಡಿದಂದಿನಿಂದ ಅವಳು ಎಲ್ಲೆಂದರಲ್ಲಿ ನನ್ನನ್ನು ನೋಡುತ್ತಾ ಹಿಂದೆ ಹಿಂದೆ ಸರಿಯುತ್ತಾಳೆ. ಪಾಠದ ನಡುವೆ ಕಿಟಕಿಯಲ್ಲಿ, ಬಸ್ಸಿನ ಹಿಂದಿನ ಗಾಜಿನಲ್ಲಿ. ನಾನು ಕರೆಯುವುದಿಲ್ಲ. ಕರೆದರೆ ಇನ್ನೊಂದು ಹೆಜ್ಜೆ ಹಿಂದಿಡುತ್ತಾಳೆ ಎಂಬ ಭಯ.

ಯಾರು ಅವಳನ್ನು ಬಿಟ್ಟು ಹೋದರು? ಹೇಳು.

ಜ್ಯೋತ್ಸ್ನಾ


ಶಾರ್ಜಾ
16 ಮೇ 2025

ಆಂಟಿ,

ನೀವು ಪುಸ್ತಕವನ್ನು ಹಿಂದಿನಿಂದ ಓದಿದ್ದೀರಿ!

ನಿಮ್ಮ ಪತ್ರ ಓದುತ್ತಾ ಮೊದಲು ನನಗೆ ಏನೂ ತಿಳಿಯಲಿಲ್ಲ. ಎರಡನೇ ಸಲ ಓದಿದಾಗ ಕಚೇರಿಯಲ್ಲೇ ಎದ್ದು ನಿಂತೆ. ಆಂಟಿ, ಜಪಾನಿನವರ ಪುಸ್ತಕ ನಮ್ಮ ಹಾಗೆ ತೆರೆಯುವುದಲ್ಲ. ನಮಗೆ ಎಲ್ಲಿ ಮುಗಿಯುತ್ತದೋ ಅವರಿಗೆ ಅಲ್ಲಿ ಶುರು. ಪುಟದ ಒಳಗೂ ಬಲಗಡೆಯ ಚಿತ್ರ ಮೊದಲು, ಎಡಗಡೆಯದು ಆಮೇಲೆ. ನಾವು ಹಾಗೆಯೇ ಮಾಡಿದ್ದು. ನನಗೆ ಕಷ್ಟವಾಗಲಿಲ್ಲ, ಮದರಸದಲ್ಲಿ ಐದನೇ ವರ್ಷದಿಂದ ಬಲದಿಂದ ಎಡಕ್ಕೆ ಓದಿದವಳು. ವಿಜೇತಾಳೇ ಕುಣಿದಾಡಿದ್ದು. “ನಿನ್ನ ಮದರಸದ ಪಾಠ ನನ್ನ ತಲೆಗೆ ಕಟ್ಬೇಡ ಮಾರಾಯ್ತಿ, ನನಗೆ ಕಣ್ಣು ತಿರುಗ್ತದೆ!” ಒಂದು ತಿಂಗಳಾದ ಮೇಲೆ ಬಸ್ಸಿನಲ್ಲಿ ಪೇಪರನ್ನೂ ಹಿಂದಿನಿಂದ ಓದಲು ಶುರು ಮಾಡಿದಳು.

ಅವಳು ನೀರಿಗೆ ಇಳಿಯುವುದಿಲ್ಲ ಆಂಟಿ. ನೀರಿನಿಂದ ಎದ್ದು ಬರುತ್ತಾಳೆ. ಅದು ಮೊದಲ ಹಾಳೆ. ಲೋಕವೆಲ್ಲ ಮುಳುಗಿ, ನೀರು ಇಳಿದು, ನಾಲ್ಕು ನೂರು ವರ್ಷದ ಮೇಲೆ ಎದ್ದು ಬರುವವಳು. ಆಮೇಲೆ ಗಿಡ್ಡ ಕೂದಲಿನವಳು ಸಿಗುತ್ತಾಳೆ. ‘ನೀನು ಯಾರು?’ ಎನ್ನುವುದು ಮೊದಲ ಮಾತು. ಇಬ್ಬರಿಗೂ ಹೆಸರು ಮರೆತುಹೋಗಿದೆ. ಮೊದಲು ಒಬ್ಬರನ್ನೊಬ್ಬರು ನಂಬುವುದಿಲ್ಲ, ದೂರ ದೂರ ನಡೆಯುತ್ತಾರೆ. ಬಸದಿಗೆ ಬರುವಷ್ಟರಲ್ಲಿ ಹಲಸಿನ ಬೀಜ ಹಂಚಿಕೊಳ್ಳುವಷ್ಟು ಹತ್ತಿರ. ಖಾಲಿ ಹಾಳೆಗಳು ಇನ್ನೂ ಆಗಬೇಕಾದದ್ದು. ಅವರು ಚಾರ್ಮಾಡಿ ಘಾಟಿ ಹತ್ತಿ ಆಚೆ ನೋಡುತ್ತಾರೆ. ದೂರದಲ್ಲಿ ಯಾವುದೋ ಒಲೆಯ ಹೊಗೆ ಕಾಣುತ್ತದೆ. ಅಲ್ಲಿಯವರೆಗೆ ಯೋಚಿಸಿದ್ದೆವು.

ಗಿಡ್ಡ ಕೂದಲಿನವಳು ನಾನು. ಟೈಫಾಯ್ಡ್ ಆದಾಗ ಉಮ್ಮ ನನ್ನ ಕೂದಲು ಕತ್ತರಿಸಿದ್ದು ನಿಮಗೆ ನೆನಪಿರಬೇಕು. “ನಾಲ್ಕು ನೂರು ವರ್ಷ ನಿನ್ನ ಜೊತೆ ನಡೀಬೇಕಾ? ನನ್ನ ಗ್ರಹಚಾರ!” ಎಂದು ವಿಜೇತಾ ಹೇಳುತ್ತಿದ್ದಳು.

ನೀಲಾವತಿಯವರಿಗೆ ಹೇಳಿಬಿಡಿ. ಅವಳು ಬೇಡ ಎಂದು ಹೋದವಳಲ್ಲ.

ನಿಮ್ಮ
ಫಾಹಿಮಾ


ಮೂಡುಬಿದಿರೆ
3 ಜೂನ್ 2025

ಪ್ರೀತಿಯ ಫಾಹಿಮಾ,

ಪುಸ್ತಕವನ್ನು ಮೇಜಿನ ಮೇಲೆ ಮಗುಚಿ ಹಾಕಿ ತೆರೆದೆ. ನೀರು. ನೀರಿನಿಂದ ಒಂದು ತಲೆ. ಕೊರಳು, ಸೊಂಟ, ಮೊಣಕಾಲು. ನನ್ನ ಮಗಳು ನನ್ನ ಕಡೆಗೆ ನಡೆದು ಬಂದಳು. ಮತ್ತೆ ಮಗುಚಿ ಮತ್ತೆ ಬರಿಸಿದೆ. ಹಾಗೆ ಎಷ್ಟು ಸಲ ಮಾಡಿದೆನೋ. ಕಾಲೇಜಿಗೆ ಹೊತ್ತು ಮೀರಿತು.

ಆದರೂ ನೀಲಾವತಿಯವರಿಗೆ ಹೇಳಲು ನನ್ನಿಂದ ಆಗಲಿಲ್ಲ. ಬೆಳಕಿನ ಸಾಲು ಬರೆದವರು ಮರುದಿನವೇ ಬದುಕನ್ನು ಬಿಟ್ಟು ಹೋದದ್ದುಂಟು. ಪದ್ಯ ಕವಿಯ ಪರವಾಗಿ ಸಾಕ್ಷಿ ಹೇಳುವುದಿಲ್ಲ, ಇದನ್ನು ನಾನೇ ಎಷ್ಟೋ ವರ್ಷ ಮಕ್ಕಳಿಗೆ ಕಲಿಸಿದ್ದೇನೆ. ಮಳೆಗಾಲದ ಹೊಳೆಗೆ ಅವಳು ಒಬ್ಬಳೇ ಯಾಕೆ ಹೋದಳು? ಚಪ್ಪಲಿಯನ್ನು ಮೆಟ್ಟಿಲಿನ ಮೇಲೆ ಯಾಕೆ ಜೋಡಿಸಿಟ್ಟಳು? ಬಿದ್ದವರ ಚಪ್ಪಲಿ ಅವರ ಜೊತೆಗೇ ಹೋಗುತ್ತದೆ, ತಾವಾಗಿ ಹೋದವರದು ದಡದಲ್ಲಿ ಉಳಿಯುತ್ತದೆ ಎಂದು ಆ ದಿನ ಹೊಳೆಯ ಬದಿಯಿಂದ ಬಂದ ಯಾರೋ ಹೇಳಿದರು. ಅವಳ ಫೋನ್ ಕೂಡ ನೀರಿಗೆ ಹೋಯಿತು.

ಇಲ್ಲಿಯವರೆಗೆ ಯಾರಿಗೂ ಹೇಳದ ಒಂದು ಮಾತು ನಿನಗೆ ಬರೆಯುತ್ತೇನೆ. ಹಿಂದಿನ ದಿನ ನಾನು ಅವಳನ್ನು ಬೈದಿದ್ದೆ. “ಈ ಗೊಂಬೆ ಚಿತ್ರ ಸಾಕು. ಹೊಟ್ಟೆಗೆ ಹಿಟ್ಟು ಕೊಡುವುದು ಏನಾದರೂ ಮಾಡು” ಎಂದಿದ್ದೆ. ಅವಳು ಪುಸ್ತಕ ಮುಚ್ಚಿಟ್ಟಳು. ಅವಳಪ್ಪ ಹೋದ ಮೇಲೆ ಆ ಮನೆಯಲ್ಲಿ ಇದ್ದದ್ದು ನಾವಿಬ್ಬರೇ. ಅವಳಿಗೆ ಬೇರೆ ಯಾರೂ ಏನೂ ಹೇಳಿರಲಿಲ್ಲ. ಹೇಳಿದವಳು ನಾನು.

ಆಟಿ ಹುಟ್ಟುವ ಮೊದಲು ಉತ್ತರ ಕೊಡಬೇಕು. ಆಗುವುದಿಲ್ಲ ಎನ್ನುತ್ತೇನೆ. ಆ ತಾಯಿಗೆ ಗೊತ್ತಿಲ್ಲದ್ದನ್ನು ಗೊತ್ತು ಎಂದು ಹೇಳಲಾರೆ.

ನಿನ್ನ ಮೇಲೆ ಸಂಶಯಪಟ್ಟೆ. ಅದನ್ನು ಮರೆತುಬಿಡು. ಇನ್ನು ತೊಂದರೆ ಕೊಡುವುದಿಲ್ಲ.

ಪ್ರೀತಿಯಿಂದ
ಆಂಟಿ


ಶಾರ್ಜಾ
8 ಜುಲೈ 2025

ಆಂಟಿ,

ನಿಮ್ಮ ಪತ್ರ ಬಂದು ಒಂದು ತಿಂಗಳಾಯಿತು. ನಾಲ್ಕನೇ ತಾರೀಕಿಗೆ ಎರಡು ವರ್ಷ ತುಂಬಿತು. ಜುಲೈಕಾ ಎಂಬವರು ನಾಳೆ ಊರಿಗೆ ಹೋಗುತ್ತಾರೆ. ಇವತ್ತು ಬರೆಯದಿದ್ದರೆ ಇನ್ನು ಬರೆಯಲಾರೆ.

ನೀವು ಬೈದದ್ದಕ್ಕೆ ಅವಳು ಹೋಗಲಿಲ್ಲ. ನಾನು ಕಳುಹಿಸಿದ್ದಕ್ಕೆ ಹೋದಳು.

ಮೊದಲ ಹಾಳೆ ನನಗೆ ಸರಿ ಕಂಡಿರಲಿಲ್ಲ. ನಾನು ಬರೆದ ಹೊಳೆ ಈಜುಕೊಳದ ಹಾಗಿತ್ತು. ಮಳೆ ಇಲ್ಲದ ಊರಿನಲ್ಲಿ ಆರು ತಿಂಗಳು ಕುಳಿತು ಹೊಳೆ ಹೇಗಿರುತ್ತದೆ ಎಂಬುದೇ ಮರೆತಿತ್ತು. ನೀರಿನಿಂದ ಏಳುವವಳಿಗೆ ದಡ ಹೇಗೆ ಕಾಣುತ್ತದೆ, ಒಂದು ಫೋಟೋ ತೆಗೆದು ಕಳುಹಿಸು ಎಂದು ಆ ದಿನ ಮಧ್ಯಾಹ್ನ ಹಟ ಮಾಡಿದೆ.

4.37ಕ್ಕೆ ಮೊದಲ ಫೋಟೋ ಬಂತು. ಮೇಲಿನಿಂದ ತೆಗೆದದ್ದು. ಇದು ಬೇಡ, ಕೆಳಗೆ ನೀರಿನ ಹತ್ತಿರದಿಂದ ಬೇಕು ಎಂದು ಬರೆದೆ. 4.44ಕ್ಕೆ ಎರಡನೆಯದು ಬಂತು. ಅವಳು ಕೊನೆಯ ಮೆಟ್ಟಿಲಲ್ಲಿ ಹೊಳೆಗೆ ಬೆನ್ನು ಹಾಕಿ, ದಡದ ಕಡೆಗೆ ಮುಖ ಮಾಡಿ ನಿಂತು ತೆಗೆದದ್ದು. ಚೆನ್ನಾಗಿತ್ತು ಆಂಟಿ. ಅಷ್ಟಕ್ಕೆ ಬಿಡಬಹುದಿತ್ತು. ನಾನು ಬರೆದೆ: “ಇನ್ನು ಸ್ವಲ್ಪ ಹಿಂದೆ ಹೋಗೇ. ಮೆಟ್ಟಿಲು ಪೂರ್ತಿ ಬರ್ಲಿ.”

ಅವಳು ಬರೆದಳು: “ಚಪ್ಪಲಿ ಜಾರ್ತದೆ, ಮೇಲೆ ಇಟ್ಟು ಬರ್ತೇನೆ. ಎರಡೇ ನಿಮಿಷ. ಇನ್ನೊಂದು ಕೇಳಿದ್ರೆ ಕೊಲ್ತೇನೆ. ಮನೆಯಲ್ಲಿ ಪತ್ರೊಡೆ ಉಂಟು, ಬಿಸಿಬಿಸಿ ತಿನ್ಬೇಕು.”

ಮೂರನೆಯದು ಬರಲಿಲ್ಲ. ನಾನು “ಏನಾಯ್ತೇ? ಪತ್ರೊಡೆ ತಿನ್ಲಿಕ್ಕೆ ಓಡಿದ್ಯಾ?” ಎಂದು ಬರೆದೆ. ಅದು ಅವಳಿಗೆ ತಲುಪಲೇ ಇಲ್ಲ.

ನಿಮಗೆ ಫೋನ್ ಮಾಡಿದ ದಿನ ಇದನ್ನೇ ಹೇಳಬೇಕೆಂದಿದ್ದೆ. ನೀವು ಅತ್ತಿರಿ. ನಾಳೆ ಹೇಳುತ್ತೇನೆ ಎಂದುಕೊಂಡೆ. ನಾಳೆಗೆ ಇನ್ನೂ ಕಷ್ಟವಾಯಿತು. ಜನ ಬೇರೆ ಮಾತಾಡುತ್ತಿದ್ದಾರೆಂದು ಉಮ್ಮ ಹೇಳಿದಾಗಲೂ ಸುಮ್ಮನಿದ್ದೆ. ಅವಳನ್ನು ಕೊಂದವಳು ಎಂದು ನೀವು ನನ್ನನ್ನು ನೋಡುವುದಕ್ಕಿಂತ ಊರು ಅವಳ ಬಗ್ಗೆ ಏನಾದರೂ ಹೇಳಿಕೊಳ್ಳಲಿ ಎಂದು ಬಿಟ್ಟೆ. ಅಷ್ಟು ಕೆಟ್ಟವಳು ನಾನು. ಆಮೇಲೆ ನಾನು ಒಂದು ಮುಖವನ್ನೂ ಬರೆದಿಲ್ಲ. ಹಣ್ಣು ಮಾತ್ರ.

ಎರಡು ಫೋಟೋಗಳನ್ನೂ, ಮಾತುಗಳ ಪ್ರಿಂಟನ್ನೂ ಒಳಗೆ ಇಟ್ಟಿದ್ದೇನೆ. ಯಾರಿಗೆ ಬೇಕಾದರೂ ತೋರಿಸಿ. ಸಾಧ್ಯವಾದರೆ ಕ್ಷಮಿಸಿ.

ಫಾಹಿಮಾ


ಮೂಡುಬಿದಿರೆ
11 ಆಗಸ್ಟ್ 2025

ಫಾಹಿಮಾ,

ಇದು ನಿನ್ನ ಪತ್ರಕ್ಕೆ ನಾನು ಬರೆದ ಐದನೇ ಉತ್ತರ. ಮೊದಲ ನಾಲ್ಕನ್ನು ಹರಿದು ಹಾಕಿದೆ. ಅವುಗಳಲ್ಲಿ ಇದ್ದದ್ದನ್ನು ನೀನು ಓದಬೇಕಾಗಿಲ್ಲ.

ಎರಡು ವರ್ಷ ನಾನು ನನ್ನನ್ನೇ ಕಟಕಟೆಯಲ್ಲಿ ನಿಲ್ಲಿಸಿದ್ದೆ. ಅವಳ ಊಟ, ಅವಳ ಅಂಕ, ಅವಳ ಮೌನ ಎಲ್ಲವನ್ನೂ ಕೆದಕಿ ನೋಡಿದೆ. ಮಗಳಿಗೆ ನಾನು ಸಾಕಾಗಿರಲಿಲ್ಲ ಎಂದು ನಂಬಿಕೊಂಡೇ ಎದ್ದೆ, ಮಲಗಿದೆ. ಆ ಇಡೀ ಕಾಲ ಅವಳ ನಾಲ್ಕು ಸಾಲು ನಿನ್ನ ಫೋನಿನಲ್ಲಿತ್ತು. ಅದಕ್ಕಾಗಿ ನಿನ್ನ ಮೇಲೆ ಬಂದ ಸಿಟ್ಟು ನನಗೇ ಹೆದರಿಕೆ ಹುಟ್ಟಿಸುವಂಥದ್ದು. ಅದು ಹೋಗಿದೆ ಎಂದು ಹೇಳಲಾರೆ.

ಆಗುವುದಿಲ್ಲ ಎಂದು ಇನ್ನೂ ಹೇಳಿ ಕಳುಹಿಸಿರಲಿಲ್ಲ. ಪ್ರಿಂಟನ್ನು ಬೆಳ್ತಂಗಡಿಗೆ ಕೊಂಡುಹೋದೆ. ನೀಲಾವತಿಯವರು ಕನ್ನಡಕ ಹಾಕಿಕೊಂಡು, ಸಾಲಿನ ಅಡಿಯಲ್ಲಿ ಬೆರಳಿಟ್ಟು ನಿಧಾನವಾಗಿ ಓದಿದರು. ಮುಗಿಸಿ ನನ್ನನ್ನೇ ಗದರಿದರು.

“ಪತ್ರೊಡೆ ತಿನ್ಲಿಕ್ಕೆ ಹೊರಟವಳು ಸಾಯ್ತಾಳಾ ಟೀಚರೇ? ಇಷ್ಟು ಓದಿದ್ದೀರಿ, ಇಷ್ಟು ಗೊತ್ತಾಗ್ಲಿಲ್ವಾ ನಿಮಗೆ?”

ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಒಳಗೆ ಹೋಗಿ, ಅಳತೆಯ ಟೇಪು ಹಿಡಿದುಕೊಂಡು ಬಂದರು. “ಹುಡುಗಿಯ ಅಳತೆ ಹೇಳಿ. ಬ್ಲೌಸ್ ನಮ್ಮಲ್ಲೇ ಹೊಲಿಯುವುದು. ಹೊರಗೆ ಕೊಟ್ರೆ ಲತೇಶನಿಗೆ ಸಿಟ್ಟು ಬರ್ತದೆ.”

ಮೂರನೇ ತಾರೀಕು ಮದುವೆಯಾಯಿತು. ಎರಡು ಮಣೆ, ಒಂದರ ಮೇಲೆ ಸೀರೆ, ಒಂದರ ಮೇಲೆ ಅಂಗಿ, ಪಂಚೆ. ಕರಿಮಣಿ ಕಟ್ಟಿದರು. ಡೊಂಬಯ್ಯನವರು ಅಕ್ಕಿಕಾಳು ಹಾಕುತ್ತಾ ಎದುರಿಗೆ ಯಾರೋ ಕೂತಿದ್ದಾರೆ ಎಂಬ ಹಾಗೆಯೇ ಮಾತಾಡಿದರು: “ಇನ್ನು ನೀವು ಒಬ್ಬೊಬ್ಬರಲ್ಲ. ಬಿಸಿಲಾದ್ರೆ ಕೂತ್ಕೊಳ್ಳಿ, ಬಾಯಾರಿದ್ರೆ ಕೇಳಿ ಕುಡೀರಿ. ಒಬ್ಬರನ್ನು ಬಿಟ್ಟು ಒಬ್ಬರು ಮುಂದೆ ಹೋಗ್ಬೇಡಿ.” ನಾನು ನಂಬಿದೆನೇ ಎಂದು ನೀನು ಕೇಳಬಹುದು. ಗೊತ್ತಿಲ್ಲ. ಆ ಮಾತು ಕೇಳುವಾಗ ಅವಳು ಹಿಂದೆ ಸರಿಯುವುದನ್ನು ನಿಲ್ಲಿಸಿದಳು. ಎಲೆಯ ಎದುರು ಕುಳಿತಳು. ನಾನು ಪತ್ರೊಡೆ ಬಡಿಸಿದೆ.

ಊಟವಾದ ಮೇಲೆ ನೀಲಾವತಿಯವರು ಚಿತ್ರಕಥೆ ನೋಡಬೇಕೆಂದರು. ಬಲದಿಂದ ಎಡಕ್ಕೆ ನಾನೇ ತೋರಿಸಿದೆ. “ಪಾಪ, ಎಷ್ಟು ನಡೀತಾರೆ ಈ ಮಕ್ಕಳು! ನಮ್ಮವನ ಹತ್ತಿರ ಬೈಕ್ ಉಂಟು” ಎಂದರು. ಇಬ್ಬರೂ ನಕ್ಕೆವು.

ಕ್ಷಮೆ ಕೇಳಿದ್ದೀ. ಕೊಟ್ಟೆ ಎಂದು ಬರೆದರೆ ಸುಳ್ಳಾಗುತ್ತದೆ, ಕೊಡುವುದಿಲ್ಲ ಎಂದರೂ ಸುಳ್ಳೇ. ಸ್ವಲ್ಪ ಹಿಂದೆ ಹೋಗೇ ಎನ್ನುವುದು ಗೆಳತಿಯರು ಫೋಟೋ ತೆಗೆಯುವಾಗ ಆಡುವ ಮಾತು. ಅದನ್ನು ಆಡಿದವಳನ್ನು ಕೊಂದವಳು ಎಂದು ನಾನು ಕರೆಯಲಾರೆ, ನೀನೂ ಕರೆದುಕೊಳ್ಳಬೇಡ. ಆದರೆ ನಿನ್ನ ಎರಡು ವರ್ಷದ ಮೌನದ ಲೆಕ್ಕ ಬೇರೆ. ಅದು ನನಗೆ ನೋವು ಕೊಡುತ್ತಲೇ ಇರುತ್ತದೆ. ಆ ನೋವನ್ನು ಇಟ್ಟುಕೊಂಡೇ ನಿನಗೆ ಬರೆಯುತ್ತಿದ್ದೇನೆ.

ಡಿಸೆಂಬರಿನಲ್ಲಿ ಊರಿಗೆ ಬರುತ್ತೀ ಎಂದು ಮೈಮೂನಮ್ಮ ಹೇಳಿದರು. ಅಷ್ಟರಲ್ಲಿ ಹೊಳೆ ಇಳಿದಿರುತ್ತದೆ. ಆ ಮೆಟ್ಟಿಲುಗಳ ಹತ್ತಿರ ನಾನು ಇದುವರೆಗೆ ಹೋಗಿಲ್ಲ. ಬಸ್ಸು ಸೇತುವೆ ದಾಟುವಾಗ ಕಣ್ಣು ಮುಚ್ಚಿಕೊಳ್ಳುತ್ತೇನೆ. ಒಬ್ಬಳೇ ಹೋಗಲು ನನ್ನಿಂದಾಗದು, ನಿನ್ನಿಂದಲೂ ಆಗದು.

ನೀನು ಬಾ. ಇಬ್ಬರೂ ಹೋಗುವ.

ಜ್ಯೋತ್ಸ್ನಾ